ಅರ್ಧ ಎಕರೆ ವೇದಾಂತ

ನಮ್ಮ ದೊಡ್ಡಮಾವ ವರ್ಷಗಟ್ಟಲೆ ನಡೆಸಿದ ಹಿಸ್ಸೆ ಕೇಸನ್ನು ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಬಿಟ್ಟುಕೊಟ್ಟದ್ದರ ಬಗ್ಗೆ ಊರಲ್ಲಿ ಬೇರೆ ಬೇರೆ ಕಥೆಗಳಿದ್ದವು. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ ಎಂದು ಕೆಲವರು. ತಮ್ಮನ ಕಡೆಯವರು ಘಟ್ಟದ ಕೆಳಗಿನಿಂದ ಯಾರನ್ನೋ ಕರೆಸಿ ಮಾಟ ಮಾಡಿಸಿದರು ಎಂದು ಇನ್ನು ಕೆಲವರು. ಅತ್ತೆಯನ್ನು ಕೇಳಿದರೆ "ತಲೆ ಕೆಟ್ಟಿತ್ತು, ಇನ್ನೆಂಥದು" ಎಂದು ಒಳಗೆ ಹೋಗುತ್ತಿದ್ದರು. ಮಾವನ ಬಾಯಿಂದಲೇ ನಾನು ಅದನ್ನು ಕೇಳಿದ್ದು ಒಮ್ಮೆ ಮಾತ್ರ, ತೊಂಬತ್ತರ ದಶಕದ ಶುರುವಿನಲ್ಲಿ, ಅಡಿಕೆ ಬೇಯಿಸುವ ಒಲೆಯ ಮುಂದೆ.

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯ ಊರು ನಮ್ಮದು. ದೀಪಾವಳಿ ಕಳೆಯಿತೆಂದರೆ ಅಲ್ಲಿ ರಾತ್ರಿಗಳೆಲ್ಲ ಅಡಿಕೆಯವು. ಹಗಲು ಇಳಿಸಿದ ಕೊನೆಗಳನ್ನು ಅಂಗಳದ ಚಪ್ಪರದಡಿ ರಾಶಿ ಹಾಕಿ, ಊಟ ಮುಗಿಸಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ನಡುರಾತ್ರಿಗೆ. ಸುಲಿದದ್ದು ಪಕ್ಕದ ಹಂಡೆಯಲ್ಲಿ ಚೊಗರಿನ ಜೊತೆ ಬೇಯುತ್ತಿರುತ್ತದೆ. ಒಲೆಯ ಮುಂದೆ ಕೂರುವವನು ಮನೆಯ ಯಜಮಾನ. ಹದ ತಪ್ಪಿ ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬೀಳುತ್ತದಲ್ಲ, ಆ ಕೆಲಸವನ್ನು ಅವನು ಬೇರೆಯವರಿಗೆ ಬಿಡುವುದಿಲ್ಲ. ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟಿದೆ. ಹುಲಿ ಕಥೆ, ಚೌಡಿ ಕಥೆ, ಮನೆ ಬಿಟ್ಟು ಓಡಿಹೋದವರ ಕಥೆ ಎಲ್ಲ ಒಂದು ಸುತ್ತು ಆದ ಮೇಲೆ ಕೇಸಿನ ಮಾತು ತೆಗೆದವರು ನಮ್ಮ ಭಾವ. ಶಿವಮೊಗ್ಗದಲ್ಲಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ರಜೆಗೆ ಬಂದಿದ್ದರು. "ಗೆಲ್ಲುವ ಕೇಸಂತೆ ಮಾವ ಅದು. ಯಾಕೆ ಬಿಟ್ರಿ?" ಎಂದು ನೇರವಾಗಿ ಕೇಳಿಬಿಟ್ಟರು.

ಮಾವ ಒಂದು ಕೊಳ್ಳಿಯನ್ನು ಒಳಕ್ಕೆ ತಳ್ಳಿ, ಎಲೆಯಡಿಕೆ ಹಾಕಿಕೊಂಡು ಶುರುಮಾಡಿದರು.

"ಆಷಾಢ. ಮುನ್ಸೀಫ್ ಕೋರ್ಟಿನಲ್ಲಿ ಅವತ್ತು ಮತ್ತೆ ವಾಯಿದೆ ಬಿತ್ತು. ಕಡೇ ಬಸ್ಸು ತಪ್ಪಿತು. ಯಾವುದೋ ಲಾರಿ ಹತ್ತಿ ಕೈಮರದ ಹತ್ರ ಇಳಿದು ನಡೀತಾ ಬಂದೆ. ಕಂಕುಳಲ್ಲಿ ಕೋರ್ಟಿನ ಕಾಗದದ ಚೀಲ, ಕೈಯಲ್ಲಿ ಕೊಡೆ, ತಲೆ ತುಂಬ ತಮ್ಮ. ಅವನಿಗೆ ಏನೇನು ಹೇಳಬೇಕು ಅನ್ನೋದನ್ನ ಮನಸ್ಸಿನಲ್ಲೇ ಹೇಳ್ತಾ ಇದ್ದೆ. ಹಳ್ಳದ ಸಂಕ ಇದೆಯಲ್ಲ, ಅದರ ಮಧ್ಯಕ್ಕೆ ಬಂದೆ. ಕೆಳಗೆ ಕೆಂಪು ನೀರು. ಅಲ್ಲಿ ಅದು ಆಯ್ತು."

"ಎಂಥ ಆಯ್ತು?"

"ಅದನ್ನ ಹೇಳೋದು ಹೇಗೆ ಮಾರಾಯ್ರೆ. ನಾನು ಇಲ್ಲವಾದೆ ಅಂದ್ರೆ ಸುಳ್ಳು, ಎಚ್ಚರ ಚೆನ್ನಾಗಿತ್ತು. ಕೊಡೆ ಕೈಯಲ್ಲೇ ಇತ್ತು, ಕಾಲು ಮರದ ಮೇಲೆ ಗಟ್ಟಿಯಾಗಿ ನಿಂತಿತ್ತು. ಆದರೆ ಹಿಡಿದವನು, ನಿಂತವನು ಅಂತ ಒಬ್ಬ ಇರ್ತಾನಲ್ಲ ಒಳಗೆ, ಅವನಿರಲಿಲ್ಲ. ಕೋಪ ಕೂಡ ಇತ್ತು. ಕೋಪ ಮಾಡ್ಕೊಂಡವನಿರಲಿಲ್ಲ. ಮಳೆ ಬೀಳೋದು, ಹಳ್ಳ ಹರಿಯೋದು, ನನ್ನ ತಮ್ಮ ತಕರಾರು ಹಾಕಿದ್ದು, ನಾನು ದಾವೆ ಹೂಡಿದ್ದು, ಎಲ್ಲಾ ಒಂದೇ ನಡೆ. ಬೇರೆ ಥರ ಆಗೋದಕ್ಕೆ ಎಡೆಯೇ ಇರಲಿಲ್ಲ ಅಂತ ಎದುರಿಗೇ ಕಾಣ್ತಿತ್ತು. ಅಷ್ಟೊಂದು ಕಟ್ಟಿಹಾಕಿದ ಹಾಗಿದ್ರೆ ಉಸಿರು ಕಟ್ಟಬೇಕೋ ಬೇಡವೋ? ನನಗೆ ಹುಟ್ಟಿದಾಗಿನಿಂದ ಅಷ್ಟು ಬಿಡುಗಡೆ ಅನ್ನಿಸಿದ್ದೇ ಇಲ್ಲ. ನನ್ನ ಕಷ್ಟ ಅದು. ಎರಡೂ ಒಟ್ಟಿಗೆ ಹೇಗೆ ನಿಜ?"

ಎಷ್ಟು ಹೊತ್ತು ಹಾಗೆ ನಿಂತಿದ್ದಿರಿ ಎಂದು ನಾನು ಕೇಳಿದೆ. ಮಾವನ ಹತ್ತಿರ ಅದಕ್ಕೆ ಲೆಕ್ಕ ಇತ್ತು. ಸಂಕ ಹತ್ತುವಾಗ ಮೀನಖಂಡಕ್ಕೆ ಇಂಬಳ ಕಚ್ಚಿದ್ದು ಗೊತ್ತಾಗಿತ್ತಂತೆ, ದಾಟಿ ಕೀಳೋಣ ಎಂದುಕೊಂಡಿದ್ದರಂತೆ. ಮತ್ತೆ ಮಾಮೂಲಿ ಮನುಷ್ಯನಾಗಿ ಬಗ್ಗಿ ನೋಡಿದಾಗ ಅದು ಹೊಟ್ಟೆ ತುಂಬ ಕುಡಿದು ತಾನಾಗಿ ಉದುರಿಹೋಗಿತ್ತು. ಮಲೆನಾಡಿನವರಿಗೆ ಇದಕ್ಕಿಂತ ಸರಿಯಾದ ಗಡಿಯಾರ ಬೇಡ.

ಭಾವ ಸುಮ್ಮನೆ ಕೇಳುವ ಕುಳವಲ್ಲ. "ಮಾವ, ನೀವು ಕಂಡದ್ದು ಸುಳ್ಳು ಅಂತ ನಾನು ಹೇಳಲ್ಲ, ಆದರೆ ಅದಕ್ಕೆ ದೇವರು ದಿಂಡರು ಬೇಡ" ಎಂದು ಶುರುಮಾಡಿ ಮೊದಲು ಲಾಪ್ಲಾಸನನ್ನು ಕರೆತಂದರು. ಆ ಫ್ರೆಂಚ್ ಗಣಿತಜ್ಞ 1814ರಲ್ಲೇ ಬರೆದ ಪ್ರಕಾರ, ಜಗತ್ತಿನ ಒಂದೊಂದು ಕಣದ ಜಾಗ, ಅದರ ಮೇಲಿನ ಬಲ ಎಲ್ಲ ಗೊತ್ತಿರುವ ಬುದ್ಧಿಯೊಂದಿದ್ದರೆ ಅದಕ್ಕೆ ನಾಳೆಯೂ ನಿನ್ನೆಯಷ್ಟೇ ಸ್ಪಷ್ಟ. ಆಮೇಲೆ ಭಾವನ ನಿಜವಾದ ಅಸ್ತ್ರ ಬಂತು. 1983ರಲ್ಲಿ ಬೆಂಜಮಿನ್ ಲಿಬೆಟ್ ಎಂಬ ಅಮೆರಿಕದ ವಿಜ್ಞಾನಿ ಪ್ರಕಟಿಸಿದ ಪ್ರಯೋಗ. ಜನರನ್ನು ಕೂರಿಸಿ, ತಲೆಗೆ ತಂತಿ ಅಂಟಿಸಿ, ನಿಮಗೆ ಯಾವಾಗ ಮನಸ್ಸಾಗುತ್ತದೋ ಆಗ ಮಣಿಕಟ್ಟು ಅಲ್ಲಾಡಿಸಿ ಎಂದು ಹೇಳುವುದು. ಎದುರಿಗೆ ಗಡಿಯಾರದಂಥದ್ದರಲ್ಲಿ ಒಂದು ಚುಕ್ಕೆ ವೇಗವಾಗಿ ಸುತ್ತುತ್ತಿರುತ್ತದೆ; ಮನಸ್ಸಾದ ಗಳಿಗೆಯಲ್ಲಿ ಚುಕ್ಕೆ ಎಲ್ಲಿತ್ತು ಎಂದು ಆಮೇಲೆ ಹೇಳಬೇಕು. ಕೈ ಅಲ್ಲಾಡುವುದಕ್ಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿರುತ್ತಿತ್ತು. ಮನಸ್ಸಾಯಿತು ಎಂದು ಅವರು ಹೇಳಿದ್ದು ಕೈ ಅಲ್ಲಾಡುವುದಕ್ಕೆ ಸುಮಾರು ಸೆಕೆಂಡಿನ ಐದರಲ್ಲೊಂದು ಪಾಲಷ್ಟೇ ಮೊದಲು.

"ಅಂದ್ರೆ, ನಾನು ಮಾಡಿದೆ ಅನ್ನೋದು ಎಲ್ಲಾ ತಯಾರಾದ ಮೇಲೆ ಬಂದು ಒತ್ತೋ ಮೊಹರು" ಎಂದು ಭಾವ ಮುಗಿಸಿದರು.

ಮಾವನ ಮುಖ ಅರಳಿದ್ದನ್ನು ನೋಡಬೇಕಿತ್ತು. "ಅದನ್ನೇ ಅಲ್ಲವಾ ನಾನು ಸಂಕದ ಮೇಲೆ ಕಂಡಿದ್ದು! ತಲೆಗೆ ತಂತಿ ಇಲ್ಲದೆ!" ವೇದಾಂತವನ್ನು ಒದೆಯಲು ಎತ್ತಿದ ಕಾಲೇ ಅದಕ್ಕೆ ಊರುಗೋಲಾದದ್ದು ನೋಡಿ ಭಾವನಿಗೆ ರೇಗಿತು. ಲಿಬೆಟ್ ತಾನೇ ಅಷ್ಟು ದೂರ ಹೋಗಿಲ್ಲ, ಕಡೆಯ ಗಳಿಗೆಯಲ್ಲಿ ಬೇಡ ಎಂದು ತಡೆಯುವ ಶಕ್ತಿ ಎಚ್ಚರದ ಮನಸ್ಸಿಗೆ ಇದೆ ಎಂದು ಅವನೂ ಒಪ್ಪಿದ್ದಾನೆ ಎಂದರು. ಮಾವ ಅದಕ್ಕೂ ಸಿದ್ಧ. "ಹಾಗಾದ್ರೆ ಕೇಸು ಬಿಟ್ಟದ್ದು ಆ ತಡೆಯೋ ಶಕ್ತಿ ಅನ್ನಿ."

ನನಗೆ ಅವತ್ತೂ, ಇವತ್ತೂ, ಮಣಿಕಟ್ಟು ಅಲ್ಲಾಡಿಸುವುದನ್ನೂ ಹಿಸ್ಸೆ ಕೇಸನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿ ಕಾಣುವುದಿಲ್ಲ. ಈಗ ಅಲ್ಲಾಡಿಸಿದರೂ ಆಯಿತು, ಆಮೇಲಾದರೂ ಆಯಿತು ಎಂಬಂಥ ಕೆಲಸ ಅದು; ಅದರಲ್ಲಿ ಯಾರದ್ದೂ ಏನೂ ಹೋಗುವುದಿಲ್ಲ. ಮನುಷ್ಯ ರಾತ್ರಿಯಿಡೀ ಹೊರಳಾಡಿ ಬೆಳಿಗ್ಗೆ ಎದ್ದು ಮಾಡುವ ತೀರ್ಮಾನವನ್ನು ಅರ್ಧ ಸೆಕೆಂಡಿನ ರೇಖೆಯಲ್ಲಿ ಹುಡುಕುವುದು ಹೇಗೆ? ಇದಕ್ಕಿಂತ ಹತ್ತಿರದ ಮಾತು ನನಗೆ ಆಮೇಲೆ ಓದುವಾಗ ವಿಲಿಯಂ ಜೇಮ್ಸ್‌ನಲ್ಲಿ ಸಿಕ್ಕಿತು. ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳನ್ನು 1902ರಲ್ಲಿ ಪುಸ್ತಕವಾಗಿ ತಂದಾಗ ಅವನು ಅನುಭಾವದ ನಾಲ್ಕು ಗುರುತು ಹೇಳಿದ್ದ: ಮಾತಿಗೆ ಸಿಗದು, ಏನೋ ತಿಳಿಯಿತು ಎಂಬ ಭರವಸೆ ಕೊಡುವುದು, ಬಹಳ ಹೊತ್ತು ನಿಲ್ಲದು, ಮತ್ತು ಆ ಹೊತ್ತಿನಲ್ಲಿ ತನ್ನ ಇಚ್ಛೆ ಪೂರಾ ಸುಮ್ಮನಾಗಿ ಬೇರೇನೋ ತನ್ನನ್ನು ಹಿಡಿದಂತಿರುವುದು. ಮಾವನ ಸಂಕಕ್ಕೆ ನಾಲ್ಕೂ ಹೊಂದುತ್ತವೆ. ಆದರೆ ಇದೇ ಜೇಮ್ಸ್ ಮೂವತ್ತೆರಡು ವರ್ಷ ಮೊದಲು, 1870ರಲ್ಲಿ, ಎಲ್ಲವೂ ಮೊದಲೇ ಗೊತ್ತುಮಾಡಿದ್ದು ಎಂಬ ಯೋಚನೆಯಿಂದ ಮನಸ್ಸು ಕುಸಿದು ಹಾಸಿಗೆ ಹಿಡಿದಂತಾಗಿದ್ದ. ಇಚ್ಛಾಸ್ವಾತಂತ್ರ್ಯ ಇದೆಯೆಂದು ನಂಬುವುದೇ ತನ್ನ ಮೊದಲ ಸ್ವತಂತ್ರ ಕೆಲಸ ಎಂದು ದಿನಚರಿಯಲ್ಲಿ ಬರೆದುಕೊಂಡು ಎದ್ದ. ಅದೇ ನಿಯತಿ ಒಬ್ಬನನ್ನು ಕೆಡವಿತು, ಇನ್ನೊಬ್ಬನನ್ನು ಹಗುರ ಮಾಡಿತು. ವ್ಯತ್ಯಾಸ ಎಲ್ಲಿದೆ ಎಂದರೆ, ಜೇಮ್ಸ್‌ನಲ್ಲಿ ಕಟ್ಟಿಹಾಕಿಸಿಕೊಂಡ 'ನಾನು' ಒಳಗೇ ಕೂತು ಒದ್ದಾಡುತ್ತಿತ್ತು. ಮಾವನಲ್ಲಿ ಆ ಹೊತ್ತಿಗೆ ಕಟ್ಟಿಹಾಕೋಣವೆಂದರೆ ಯಾರೂ ಇರಲಿಲ್ಲ.

ಆ ರಾತ್ರಿ ಒಲೆಯ ಮುಂದೆ ಆಚಾರ್ರೂ ಇದ್ದರು. ಉಡುಪಿ ಕಡೆಯಿಂದ ಬಂದು ನೆಲೆಸಿದವರು, ಯಾವುದೋ ಮುಹೂರ್ತ ಹೇಳಲು ಬಂದು ಬೆಂಕಿ ಕಂಡು ಕೂತಿದ್ದರು. 'ನಾನು ಇರಲಿಲ್ಲ' ಎಂಬ ಮಾತು ಅವರಿಗೆ ಅದ್ವೈತದ ವಾಸನೆ ಹೊಡೆದಿರಬೇಕು. "ಇಲ್ಲದೇ ಹೋದರೆ ಆನಂದ ಪಟ್ಟವರು ಯಾರು ಸ್ವಾಮಿ? ಜೀವ ಇದ್ದೇ ಇದ್ದಾನೆ, ಕರ್ತನೂ ಹೌದು. ಆದರೆ ಕರ್ತೃತ್ವ ಅವನ ಸ್ವಂತದ್ದಲ್ಲ, ಹರಿ ಕೊಟ್ಟದ್ದು. ಪರಾಧೀನ" ಎಂದರು. ಆಮೇಲೆ ಅವರು ತೋರಿಸಿಕೊಟ್ಟ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಗೀತೆಯ ಹದಿನೆಂಟನೇ ಅಧ್ಯಾಯದ 61ನೇ ಶ್ಲೋಕದಲ್ಲಿ ಕೃಷ್ಣ ಹೇಳುವುದು, ಈಶ್ವರ ಎಲ್ಲರ ಹೃದಯದಲ್ಲಿ ಕೂತು ಜೀವಿಗಳನ್ನು ಯಂತ್ರದ ಮೇಲೆ ಕೂರಿಸಿದ ಹಾಗೆ ತಿರುಗಿಸುತ್ತಾನೆ ಎಂದು. ಎರಡೇ ಶ್ಲೋಕ ದಾಟಿದರೆ, 63ರಲ್ಲಿ, ಇದನ್ನೆಲ್ಲ ಚೆನ್ನಾಗಿ ವಿಚಾರಮಾಡು, ಆಮೇಲೆ ನಿನಗೆ ಹೇಗೆ ಬೇಕೋ ಹಾಗೆ ಮಾಡು ಎನ್ನುತ್ತಾನೆ. "ಯಂತ್ರದ ಮೇಲೆ ಕೂತವನಿಗೆ ಬೇಕಾದ್ದು ಮಾಡು ಅಂತ ಯಾರಾದರೂ ಹೇಳ್ತಾರಾ? ಭಗವಂತ ಹೇಳ್ತಾನೆ. ಅವನಿಗೆ ಅದು ವಿರೋಧ ಅಲ್ಲ" ಎಂದು ಆಚಾರ್ರು ನಶ್ಯ ಏರಿಸಿದರು.

ಅತ್ತೆ ಅಷ್ಟರಲ್ಲಿ ಕಾಫಿ ತಂದರು. "ಅವತ್ತು ರಾತ್ರಿ ಒದ್ದೆ ಪಂಚೆ ಹಿಂಡಿ ಒಣಗಿಸಿದ್ದು, ಕೋರ್ಟಿನ ಕಾಗದ ಒಂದೊಂದಾಗಿ ಬಿಡಿಸಿ ಅಟ್ಟದ ಮೇಲೆ ಹರಡಿದ್ದು, ಅದೂ ಕರ್ತನಿಲ್ಲದೆ ಆಯ್ತೋ? ನನಗಂತೂ ಸೊಂಟ ನೋವು ಬಂತು" ಎಂದು ಲೋಟ ಇಟ್ಟು ಹೋದರು. ಆಚಾರ್ರು ನಕ್ಕದ್ದು ಸ್ವಲ್ಪ ಜೋರಾಯಿತು.

ಮಾವ ಮಾತು ಬಿಡಲಿಲ್ಲ. ಸಂಕದ ಮೇಲಿನ ಆ ರಾತ್ರಿಯಾದ ಮೇಲೆ, ಇಂಥದ್ದು ಬೇರೆ ಯಾರಿಗಾದರೂ ಆಗಿದೆಯೋ ನೋಡೋಣ ಎಂದು ಅವರು ತಿರುವಣ್ಣಾಮಲೈಗೆ ಹೋಗಿದ್ದರು. ರಮಣ ಮಹರ್ಷಿಗಳು 1950ರಲ್ಲೇ ತೀರಿಕೊಂಡಿದ್ದರು. ಆಶ್ರಮದಲ್ಲಿ ಇದ್ದು, ಅವರ ಚರಿತ್ರೆ ಓದಿಕೊಂಡು, ಬೆಟ್ಟ ಸುತ್ತಿ ಬಂದರು. ಆ ಕಥೆಯನ್ನು ಮಾವ ಹೇಳುತ್ತಿದ್ದ ರೀತಿಯೇ ಬೇರೆ. ಮಹಾತ್ಮರ ಕಥೆ ಎನ್ನಿಸುತ್ತಿರಲಿಲ್ಲ, ಮನೆ ಬಿಟ್ಟು ಓಡಿಹೋದ ಹುಡುಗನ ಕಥೆ ಎನ್ನಿಸುತ್ತಿತ್ತು.

1896ರ ಜುಲೈ. ಮದುರೆಯಲ್ಲಿ ಚಿಕ್ಕಪ್ಪನ ಮನೆ ಮಾಳಿಗೆಯಲ್ಲಿ ಹದಿನಾರು ವರ್ಷದ ವೆಂಕಟರಾಮನ್ ಒಬ್ಬನೇ ಕೂತಿದ್ದಾನೆ. ಕಾಯಿಲೆ ಇಲ್ಲ ಕಸಾಲೆ ಇಲ್ಲ, ಇದ್ದಕ್ಕಿದ್ದಂತೆ ಸಾಯುತ್ತೇನೆ ಎಂಬ ಭಯ ಬಂತು. ಯಾರನ್ನೂ ಕೂಗಲಿಲ್ಲ. ಸಾವು ಅಂದರೇನು ನೋಡೇಬಿಡೋಣ ಎಂದು ಹೆಣದಂತೆ ಮಲಗಿ, ಕೈಕಾಲು ಸೆಟೆದು, ಉಸಿರು ಬಿಗಿಹಿಡಿದ. ದೇಹ ಹೋಯಿತು ಎಂದಿಟ್ಟುಕೊಂಡರೂ ಏನೋ ಒಂದು ಉಳಿದೇ ಇತ್ತು. ಅಲ್ಲಿಗೆ ಭಯ ಹೋಯಿತು; ಶಾಲೆಯ ಮೇಲಿನ ಮನಸ್ಸೂ ಹೋಯಿತು. ಆಗಸ್ಟ್ 29ರಂದು ಇಂಗ್ಲಿಷ್ ವ್ಯಾಕರಣ ನಕಲು ಮಾಡುವ ಶಿಕ್ಷೆಯನ್ನು ಅರ್ಧಕ್ಕೆ ಬಿಟ್ಟು ಕಣ್ಣು ಮುಚ್ಚಿ ಕೂತವನಿಗೆ ಅಣ್ಣ ಬೈದ. ಹುಡುಗ ಎದ್ದು, ಶಾಲೆಯಲ್ಲಿ ವಿದ್ಯುತ್ತಿನ ಮೇಲೆ ವಿಶೇಷ ಕ್ಲಾಸಿದೆ ಎಂದ. ("ಭೌತಶಾಸ್ತ್ರ ಆ ಮಹಾತ್ಮನಿಗೂ ಸುಳ್ಳು ಹೇಳೋದಕ್ಕೆ ಒದಗಿತು ನೋಡಿ" ಎಂದು ಮಾವ ಭಾವನಿಗೆ ಕುಟುಕಿದರು.) ಹಾಗಾದರೆ ಪೆಟ್ಟಿಗೆಯಿಂದ ಐದು ರೂಪಾಯಿ ತೆಗೆದುಕೊಂಡು ಹೋಗಿ ನನ್ನ ಕಾಲೇಜು ಫೀಸು ಕಟ್ಟು ಎಂದ ಅಣ್ಣ. ಹುಡುಗ ಮೂರು ತೆಗೆದುಕೊಂಡು ಎರಡನ್ನು ಬಿಟ್ಟ. ಜೊತೆಗೊಂದು ಚೀಟಿ: ತಂದೆಯ ಅಪ್ಪಣೆಯಂತೆ ಅವನನ್ನು ಹುಡುಕಿ ಹೊರಟಿದ್ದೇನೆ, ಯಾರೂ ದುಃಖಪಡಬೇಡಿ, ಹುಡುಕಲು ದುಡ್ಡು ಖರ್ಚುಮಾಡಬೇಡಿ, ಫೀಸು ಕಟ್ಟಿಲ್ಲ ಎಂದು. 'ನಾನು' ಎಂದು ಶುರುವಾದ ಆ ಚೀಟಿ ಎರಡನೇ ಸಾಲಿಗೆ 'ಇದು' ಆಯಿತು, ಕೊನೆಯಲ್ಲಿ ಹೆಸರಿನ ಜಾಗದಲ್ಲಿ ಬರೀ ಗೀಟು. ಸ್ಟೇಷನ್ನಿಗೆ ಹೋಗುವಾಗ ರೈಲಿನ ಹೊತ್ತು ಮೀರಿತ್ತು. ರೈಲೂ ಅವತ್ತು ತಡವಾಗಿತ್ತು. ಟಿಕೀಟಿಗೆ ಎರಡು ರೂಪಾಯಿ ಹದಿಮೂರಾಣೆ. ದಾರಿಯಲ್ಲಿ ದುಡ್ಡು ಸಾಲದೆ ನಡೆದು, ಕಿವಿಯ ಕಡುಕು ಅಡವಿಟ್ಟು, ಸೆಪ್ಟೆಂಬರ್ 1ರಂದು ಅರುಣಾಚಲ ಮುಟ್ಟಿದ. ಆ ಊರು ಮತ್ತೆ ಬಿಡಲಿಲ್ಲ.

"ಈಗ ಹೇಳಿ. ಮೂರು ತಗೊಂಡು ಎರಡು ಬಿಟ್ಟದ್ದು ಯಾರು? ರೈಲು ತಡ ಆದದ್ದು ಯಾರಿಂದ?" ಎಂದು ಮಾವ ಸುತ್ತ ನೋಡಿದರು. ಆಮೇಲೆ ದೇವರಾಜ ಮುದಲಿಯಾರ್ ಎಂಬ ಭಕ್ತರು ಬರೆದಿಟ್ಟ ಒಂದು ಪ್ರಸಂಗ ಹೇಳಿದರು. ಒಂದು ಬೇಸಿಗೆಯ ಮಧ್ಯಾಹ್ನ ಮುದಲಿಯಾರರು ಕೈಯಲ್ಲಿದ್ದ ಬೀಸಣಿಗೆಯನ್ನು ತೋರಿಸಿ ಮಹರ್ಷಿಗಳನ್ನು ಕೇಳಿದ್ದರು: ಮದುವೆ, ಉದ್ಯೋಗದಂಥ ದೊಡ್ಡ ಸಂಗತಿಗಳು ಪ್ರಾರಬ್ಧ ಎಂದರೆ ಒಪ್ಪುತ್ತೇನೆ; ಈ ಬೀಸಣಿಗೆಯನ್ನು ನಾನು ಈಗ ನೆಲಕ್ಕೆ ಇಡುವುದೂ ಮೊದಲೇ ಗೊತ್ತಾಗಿದ್ದೋ? ಖಂಡಿತ, ಎಂದರಂತೆ ಮಹರ್ಷಿ. ಹಾಗೆಂದವರೇ ಬೇರೆ ಸಂದರ್ಭದಲ್ಲಿ, ನಾನೊಬ್ಬ ಬೇರೆ ಎಂಬ ಭಾವ ಇರುವಷ್ಟು ದಿನ ಇಚ್ಛಾಸ್ವಾತಂತ್ರ್ಯವೂ ಇರುತ್ತದೆ ಎಂದೂ ಹೇಳಿದ್ದರು. ದೇಹಕ್ಕೆ ಆಗಬೇಕಾದ್ದು ಆಗುತ್ತದೆ, ಅದನ್ನು ನನ್ನದೆಂದು ಹೊತ್ತುಕೊಳ್ಳುವುದೋ ಬಿಡುವುದೋ ಅಷ್ಟು ಮಾತ್ರ ನಿನ್ನ ಕೈಲಿದೆ ಎಂಬುದು ಅವರ ನಿಲುವು. ಮಾವನಿಗೆ ತನ್ನ ಸಂಕದ ಗಂಟು ಬಿಚ್ಚಿದ್ದು ಅಲ್ಲಿ.

"ಅಯ್ಯಾ," ಎಂದು ರಾಶಿಯ ಆಚೆಯಿಂದ ದನಿ ಬಂತು. "ಆ ಹುಡುಗನ ತಾಯಿ ಏನಾದ್ಲು?"

ಕೇಳಿದವಳು ಸುಲಿಯುವವರಲ್ಲಿ ಹಿರಿಯಳು. ದೊಡ್ಡಕ್ಕ ಎಂದು ಎಲ್ಲರೂ ಕರೆಯುತ್ತಿದ್ದರು. ನಮ್ಮ ಲಾಪ್ಲಾಸ, ಲಿಬೆಟ್ಟು, ಬೀಸಣಿಗೆ ಯಾವುದಕ್ಕೂ ಅವಳು ಕತ್ತಿಯಿಂದ ಕಣ್ಣೆತ್ತಿರಲಿಲ್ಲ.

ಮಾವ ಹೇಳಿದರು. ಎರಡು ವರ್ಷ ಹುಡುಕಿ ತಾಯಿ ಅಳಗಮ್ಮಾಳ್ 1898ರ ಡಿಸೆಂಬರಿನಲ್ಲಿ ಹಿರಿಯ ಮಗನ ಜೊತೆ ಅಲ್ಲಿಗೆ ಬಂದಳು. ಜಡೆ ಕಟ್ಟಿದ ತಲೆ, ಬೆಳೆದ ಉಗುರು. ಮಗನ ಗುರುತು ಹಿಡಿದು, ಮನೆಗೆ ಬಾ ಎಂದು ದಿನಾ ಬಂದು ಅತ್ತಳು. ಅವನು ತುಟಿ ಬಿಚ್ಚಲಿಲ್ಲ. ಯಾರೋ ಒತ್ತಾಯಮಾಡಿ ಕಾಗದ ಕೊಟ್ಟಾಗ ಬರೆದ: ಕರ್ಮಕ್ಕೆ ತಕ್ಕಂತೆ ಆಡಿಸುವವನು ಆಡಿಸುತ್ತಾನೆ, ಆಗಬಾರದ್ದು ಎಷ್ಟು ಪ್ರಯತ್ನಪಟ್ಟರೂ ಆಗದು, ಆಗಬೇಕಾದ್ದನ್ನು ತಡೆದರೂ ನಿಲ್ಲದು, ಸುಮ್ಮನಿರುವುದೇ ಒಳ್ಳೆಯದು.

ದೊಡ್ಡಕ್ಕನ ಕತ್ತಿ ನಿಂತಿತು. "ಹೆತ್ತವಳಿಗೆ ಹಂಗಂದ್ನಾ?"

ಯಾರೂ ಮಾತಾಡಲಿಲ್ಲ. ಅವಳ ಮಗ ಕೊನೆ ತೆಗೆಯಲು ಹೋಗಿ ಮರದಿಂದ ಬಿದ್ದು ಸತ್ತದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದು ನಮ್ಮ ತೋಟದಲ್ಲಲ್ಲ, ಬೇರೆ ಕಡೆ. "ನಂಗೂ ಹಂಗೇ ಅಂದ್ರು. ಹಣೆಬರ, ಏನ್ ಮಾಡಾಕಾಗತ್ತೆ ಅಂದ್ರು. ಹಗ್ಗ ಜೂಲಾಗಿತ್ತು ಅಯ್ಯಾ. ಹದಿನೈದು ದಿನದಿಂದ ಹೇಳ್ತಿದ್ದ ಅವ್ನು. ನನ್ನ ಮಗ ಬೀಳದು ಹಣೇಲಿ ಬರೆದಿತ್ತು ಅಂದ್ರೆ, ಹೊಸ ಹಗ್ಗ ತರದು ಯಾರ ಹಣೇಲೂ ಬರೆದಿರಲಿಲ್ವಾ?"

ಲಾಪ್ಲಾಸನಿಗೂ ಈ ಪ್ರಶ್ನೆ ಬಂದಿರಲಿಕ್ಕಿಲ್ಲ. ಭಾವ ನೆಲ ನೋಡುತ್ತಿದ್ದರು. ಆಚಾರ್ರ ಪರಾಧೀನ ಕರ್ತೃತ್ವಕ್ಕೂ ಆ ಹೊತ್ತಿಗೆ ನಾಲಗೆ ಇರಲಿಲ್ಲ. ಆಮೇಲೆ ಮಾವ ಹೇಳಿದ ಮಾತಿನಿಂದ ಅವರ ಮೇಲೆ ನನಗಿದ್ದ ಗೌರವ ಹೆಚ್ಚಿತು. "ಇಲ್ಲ, ಅದು ನಿನಗೆ ಹೇಳೋ ಮಾತಲ್ಲ. ಆ ಧಣಿ ಹೇಳಬಾರದಿತ್ತು. ನಾನು ನನ್ನ ಕೇಸಿನ ಬಗ್ಗೆ, ಆಗಿಹೋದದ್ದಕ್ಕೆ, ನನಗೆ ನಾನೇ ಹೇಳ್ಕೋಬಹುದು. ಅಷ್ಟೇ. ಬೇರೆಯವರ ಮನೆ ಬಾಗಿಲಲ್ಲಿ ನಿಂತು ಹೇಳಿದ್ರೆ ಅದು ಲಫಂಗತನ."

ಆಮೇಲೆ ತಾಯಿಯ ಕಥೆಯ ಉಳಿದ ಭಾಗ ಹೇಳಿದರು, ಅವಳೊಬ್ಬಳಿಗೇ ಹೇಳುವಂತೆ. 1914ರಲ್ಲಿ ಅಳಗಮ್ಮಾಳ್ ಮತ್ತೆ ಬಂದಾಗ ವಿಷಮಜ್ವರ ಹಿಡಿಯಿತು. ಆಗಬೇಕಾದ್ದು ಆಗುತ್ತದೆ ಎಂದು ಬರೆದುಕೊಟ್ಟಿದ್ದ ಮಗ ಈ ಸಲ ಅವಳ ಆರೈಕೆಗೆ ಕೂತ. ಅಷ್ಟೇ ಅಲ್ಲ, ತಾಯಿಯ ಜ್ವರ ಇಳಿಸಪ್ಪಾ ಎಂದು ಅರುಣಾಚಲನನ್ನು ಬೇಡಿ ಪದ್ಯ ಕಟ್ಟಿದ. ಜ್ವರ ಇಳಿಯಿತು. 1916ರಲ್ಲಿ ಅವಳು ಅಲ್ಲೇ ಇರಲು ಬಂದಳು, ಅವನ ಜೊತೆಗಿದ್ದವರಿಗೆ ಅಡಿಗೆ ಮಾಡಿ ಹಾಕಿದಳು. 1922ರ ಮೇ 19ರಂದು ಅವಳ ಕೊನೆಯ ದಿನ. ಬೆಳಗಿನಿಂದ ರಾತ್ರಿ ಪ್ರಾಣ ಹೋಗುವವರೆಗೆ ಮಗ ಪಕ್ಕದಲ್ಲಿ ಕೂತು ಒಂದು ಕೈ ಅವಳ ಎದೆಯ ಮೇಲೆ, ಇನ್ನೊಂದು ತಲೆಯ ಮೇಲೆ ಇಟ್ಟಿದ್ದ.

"ಹಂಗೆ ಹೇಳಿ ಮತ್ತೆ" ಎಂದಳು ದೊಡ್ಡಕ್ಕ. ಕತ್ತಿ ಮತ್ತೆ ಓಡತೊಡಗಿತು.

ಎಲ್ಲ ಮೊದಲೇ ಗೊತ್ತುಮಾಡಿದ್ದಾದರೆ ಜ್ವರ ಇಳಿಸು ಎಂದು ಬೇಡುವುದೇಕೆ ಎಂದು ಭಾವ ಆಮೇಲೆ ನನ್ನ ಹತ್ತಿರ ಗೊಣಗಿದರು. ತರ್ಕಕ್ಕೆ ಅದು ಸಿಕ್ಕು ನಿಜ. ಆದರೆ ಮದುರೆಯ ಮಾಳಿಗೆಯಲ್ಲಿ ಆ ಹುಡುಗ ಕಳೆದುಕೊಂಡದ್ದು ಮಾಡುವ ಕೆಲಸವನ್ನಲ್ಲ, ಮಾಡಿದೆ ಎಂದು ಬೀಗುವವನನ್ನು. ಬೇಡಿಕೊಳ್ಳುವುದೂ ಆಗಬೇಕಾದ್ದರಲ್ಲೇ ಒಂದಾಗಿದ್ದರೆ? ಇದನ್ನು ನಾನು ಭಾವನಿಗೆ ಹೇಳಿದೆ. ಜಾರಿಕೊಳ್ಳುವ ಉತ್ತರ ಎಂದರು. ಇರಬಹುದು. ನನಗೆ ಜಾಣತನದ ಉತ್ತರಕ್ಕಿಂತ ಅವನ ಆ ಎರಡು ಕೈಗಳಲ್ಲಿ ಹೆಚ್ಚು ನಂಬಿಕೆ.

ಕೇಸಿನ ಕಥೆಗೆ ಮರಳುವುದಾದರೆ, ಮಾವ ಸಂಕ ದಾಟಿ ಬಂದ ಮರುದಿನವೇ ಸಂತನೇನೂ ಆಗಲಿಲ್ಲ. ಕೋಪ ಎರಡೇ ದಿನಕ್ಕೆ ತನ್ನ ಯಜಮಾನನನ್ನು ಹುಡುಕಿಕೊಂಡು ವಾಪಸು ಬಂತು ಎಂದು ಅವರೇ ನಗುತ್ತಿದ್ದರು. ಆದರೆ ಮುಂದಿನ ವಾಯಿದೆಗೆ ಕೋಟು ಹಾಕಿಕೊಳ್ಳುವಾಗ ಕೈ ಯಾಕೋ ತೋಳಿಗೆ ಹೋಗಲಿಲ್ಲವಂತೆ. ದಾವೆ ವಾಪಸು ತೆಗೆದುಕೊಂಡರು. ವಕೀಲರು ಸಿಟ್ಟಾದರು. ತಮ್ಮ ಇದರಲ್ಲಿ ಏನೋ ಮಸಲತ್ತಿದೆ ಎಂದು ಹೆದರಿ ಬೇಲಿಯನ್ನು ಇನ್ನೊಂದು ಮಾರು ಈಚೆ ಹಾಕಿದ. ಆ ಬೇಲಿಯ ವಿಷಯಕ್ಕೆ ಮಾವ ಪಂಚಾಯ್ತಿ ಸೇರಿಸಿ ಜಗಳವಾಡಿ ಅದನ್ನು ಹಿಂದಕ್ಕೆ ಹಾಕಿಸಿದರು ಎಂಬುದನ್ನೂ ಹೇಳಬೇಕು. ಅದೂ ಪ್ರಾರಬ್ಧವೋ ಎಂದು ಆಚಾರ್ರು ಕೇಳಿದ್ದಕ್ಕೆ, "ಹೌದು, ಅವನದು" ಎಂದಿದ್ದರು.

ಮಾವ ಹೋಗಿ ಈಗ ಬಹಳ ಕಾಲವಾಯಿತು. ಅವರು ಹೋದ ಮೇಲೆ ಒಮ್ಮೆ ಭಾವ ಫೋನು ಮಾಡಿದರು, ದನಿಯಲ್ಲಿ ಹುರುಪು. ಲಿಬೆಟ್ಟನ ಪ್ರಯೋಗಕ್ಕೆ ಬೇರೆಯೇ ಅರ್ಥ ಬಂದಿದೆಯಂತೆ. 2012ರಲ್ಲಿ ಆರನ್ ಶೂರ್ಗರ್ ಮತ್ತು ಸಂಗಡಿಗರು ತೋರಿಸಿದ ಹಾಗೆ, ಮಿದುಳಿನಲ್ಲಿ ಸದಾ ಏರಿಳಿತ ನಡೆದೇ ಇರುತ್ತದೆ. ಅದು ಒಂದು ಮಟ್ಟ ದಾಟಿದಾಗ ಕೈ ಅಲ್ಲಾಡುತ್ತದೆ. ಅಲ್ಲಾಡಿದ ಗಳಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಸರಾಸರಿ ತೆಗೆದದ್ದರಿಂದ ಅದು ಮೊದಲೇ ಮಾಡಿದ ತಯಾರಿಯಂತೆ ಕಂಡಿದೆ, ಅಷ್ಟೇ. ನಮಗೆ ಗೊತ್ತಾಗುವ ಮೊದಲೇ ಮಿದುಳು ತೀರ್ಮಾನ ಮಾಡಿಬಿಟ್ಟಿತ್ತು ಎನ್ನಲು ಅದೊಂದೇ ಸಾಲದು. "ಮಾವ ಇದ್ದಿದ್ರೆ ಹೇಳಬೇಕಿತ್ತು" ಎಂದರು. ನಾನು ಅತ್ತೆಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ಮನುಷ್ಯ ಮಾಡಿದ್ದನ್ನು ಮನುಷ್ಯನೇ ಮಾಡಿದ್ದು ಅಂತಲೋ?

ಹಾಗೂ ಇರಬಹುದು ಎಂದೆ.

"ನೋಡು ಮತ್ತೆ! ಇಷ್ಟು ವರ್ಷ ವಿಧಿ ಅಂತ ಸುಮ್ಮನಿದ್ದೆ. ಆ ಹಳ್ಳದ ದಂಡೆಯ ಅರ್ಧ ಎಕರೆ ಕಳೆದದ್ದು ನಿನ್ನ ಮಾವನೇ ಅಂತಾಯ್ತಲ್ಲ!"